ನಿರ್ವಹಣೆ ಬೇಡದ ಮೀನಿನ ತೊಟ್ಟಿ: ಕಪಿಲಾ ತೀರದ ಪದ್ಧತಿ

ಎರಡಡಿ ಉದ್ದದ ಗಾಜಿನ ತೊಟ್ಟಿ, ತಳದಲ್ಲಿ ಒಂದಿಷ್ಟು ಮಣ್ಣು, ಅದರ ಮೇಲೆ ಮರಳು, ನಾಲ್ಕು ನೀರುಗಿಡ, ಐದಾರು ಗಪ್ಪಿ ಮೀನು. ಒಮ್ಮೆ ಇಟ್ಟರೆ ಮುಗಿಯಿತು, ಆಮೇಲೆ ಅದರ ಗೊಡವೆಯೇ ಇಲ್ಲ. ಇಂಥದ್ದೊಂದು ಮನೆಯಲ್ಲಿರಬೇಕು ಎಂದು ನಂಜನಗೂಡು, ತಿ. ನರಸೀಪುರದ ಕಡೆ ಈಚೆಗೆ ಸುಮಾರು ಜನಕ್ಕೆ ಅನ್ನಿಸತೊಡಗಿದೆ. ಆದರೆ ಈ ಭಾಗದ ನೀರು, ಮಣ್ಣು, ಮರಳು, ಬಂಧುಬಳಗ, ಸ್ಥಳಪುರಾಣ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಶಾಸ್ತ್ರೀಯ ಮಾರ್ಗದರ್ಶಿಯೊಂದು ಇದುವರೆಗೆ ಬಂದಿರಲಿಲ್ಲ. ಆ ಕೊರತೆ ಈ ಬರಹದಿಂದ ನೀಗುತ್ತದೆ.

ಇದನ್ನು ಬರೆಯಲು ನನಗೇನು ಅರ್ಹತೆ ಎಂದು ಕೇಳುವವರು ಇರುತ್ತಾರೆ. ನಂಜನಗೂಡಿನಲ್ಲಿ ನನ್ನ ನಾದಿನಿ ಇದ್ದಾಳೆ, ತಿ. ನರಸೀಪುರದಲ್ಲಿ ಭಾಮೈದ ಇದ್ದಾನೆ. ಎರಡೂ ಮನೆಗೆ ತೊಟ್ಟಿ ತರಿಸಿ, ಮುಂದೆ ನಿಂತು ಇಡಿಸಿದವನು ನಾನು. ನನ್ನ ಮನೆಯಲ್ಲಿ ತೊಟ್ಟಿ ಇಲ್ಲ. ಸಲಹೆ ಕೊಡುವವನಿಗೆ ಇರಬೇಕಾದ ನಿರ್ಲಿಪ್ತತೆ ಬರುವುದೇ ಹಾಗೆ.

ತೊಟ್ಟಿಗೆ ಏನೂ ಕೆಲಸ ಬೇಡ ಎಂದು ಹೇಳುವವರು, ಆ ಕೆಲಸ ಮಾಡುವವರು ಒಂದೇ ಮನೆಯಲ್ಲಿದ್ದರೂ ಇಬ್ಬರೂ ಒಬ್ಬರೇ ಆಗಿರುವುದಿಲ್ಲ ಎಂಬುದು ನನ್ನ ಕ್ಷೇತ್ರಾಧ್ಯಯನದ ಮೊದಲ ಫಲಿತಾಂಶ. ತೊಟ್ಟಿ ತಂದ ಯಜಮಾನರು ಸೋಫಾದಲ್ಲಿ ಕೂತು "ಇದಕ್ಕೆ ಮೆಂಟೇನೆನ್ಸೇ ಇಲ್ಲ ಕಣ್ರೀ" ಎಂದು ಬಂದವರಿಗೆ ವಿವರಿಸುತ್ತಿರುವಾಗ, ಗಾಜಿನ ಪಾಚಿ ಉಜ್ಜಿದ ಸ್ಪಂಜು ಹಿಡಿದು ಹಿಂದೆ ನಿಂತವರು ಕಾಫಿಗೆ ಹಾಲಿಡಲು ಒಳಗೆ ಹೋಗುತ್ತಾರೆ. ಇದು ಸಮಾಜಶಾಸ್ತ್ರದವರಿಗೆ ಸೇರಿದ್ದು. ನಮ್ಮ ವಿಷಯ ಮೀನು.

ಈ ವಿದ್ಯೆಯ ಮೂಲ ಲಂಡನ್ನಿನದು ಎನ್ನುತ್ತಾರೆ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲು ನೆಟ್ಟ. ಹುಲ್ಲು ಮೀನಿಗೆ ಆಮ್ಲಜನಕ ಕೊಟ್ಟಿತು, ಮೀನಿನ ಹೊಲಸು ಹುಲ್ಲಿಗೆ ಗೊಬ್ಬರವಾಯಿತು. ಎಲೆ ಕೊಳೆತು ನೀರು ಕೆಡತೊಡಗಿದಾಗ ಕೊಳದ ಬಸವನಹುಳು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದು ಲೆಕ್ಕ ಸರಿಮಾಡಿದವು. ಈ ಪ್ರಯೋಗದ ವರದಿಯನ್ನು 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಒಂದೂವರೆ ಶತಮಾನ ಕಳೆದ ಮೇಲೆ, 1999ರಲ್ಲಿ, ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬಾಕೆ ತಳಕ್ಕೆ ಸಾದಾ ಮಣ್ಣು ಹಾಕಿ, ಗಿಡ ಒತ್ತಾಗಿ ನೆಟ್ಟರೆ ದುಬಾರಿ ಫಿಲ್ಟರಿನ ಹಂಗು ಬಹಳಮಟ್ಟಿಗೆ ತಪ್ಪುತ್ತದೆ ಎಂದು ಒಂದು ಪುಸ್ತಕವನ್ನೇ ಬರೆದರು. ಇಬ್ಬರೂ ಮೈಸೂರು ಜಿಲ್ಲೆಗೆ ಒಮ್ಮೆ ಬಂದಿದ್ದರೆ ಇಷ್ಟು ಶ್ರಮಪಡಬೇಕಿರಲಿಲ್ಲ. ಮಣ್ಣು, ಗಿಡ, ಹೊಲಸು ಮೂರನ್ನೂ ಒಂದೇ ನೀರಿಗೆ ಬಿಟ್ಟು ತಿರುಗಿ ನೋಡದಿರುವ ಪದ್ಧತಿ ನಮ್ಮಲ್ಲಿ ಊರೂರಿಗೂ ಇದೆ. ಅದಕ್ಕೆ ನಾವು ಕೆರೆ ಎನ್ನುತ್ತೇವೆ.

ಇನ್ನು ವಿಧಾನ. ತಳಕ್ಕೆ ಒಂದಂಗುಲ ಮಣ್ಣು ಬೇಕು. ಆಗಷ್ಟೇ ಕೊಟ್ಟಿಗೆ ಗೊಬ್ಬರ, ಯೂರಿಯಾ ಬಿದ್ದ ಮಣ್ಣಾದರೆ ಅಮೋನಿಯಾ ಏಳುತ್ತದೆ, ಬೇಡ. ನನ್ನ ಶಿಫಾರಸು ದೇವರಸನಹಳ್ಳಿ ಕಡೆಯ ಮಣ್ಣು. ನಂಜನಗೂಡಿನ ರಸಬಾಳೆಗೆ ಆ ರುಚಿ ಬಂದದ್ದು, ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿದ್ದು ಅಲ್ಲಿಯ ಮಣ್ಣಿನ ಗುಣದಿಂದ. ಪನಾಮ ಸೊರಗು ರೋಗ ಹೊಕ್ಕ ಮೇಲೆ ರಸಬಾಳೆ ಅಲ್ಲಿ ನಿಲ್ಲುವುದು ಕಷ್ಟವಾಗಿದೆ, ಆದ್ದರಿಂದ ಮಣ್ಣು ಬಿಡುವಾಗಿದೆ. ಆ ಶಿಲೀಂಧ್ರ ಬಾಳೆಯ ಬೇರಿಗೆ ಹತ್ತುವಂಥದು, ಮೀನಿನ ತಂಟೆಗೆ ಬರುವುದಿಲ್ಲ. ಮನೆಗೆ ಬಂದವರಿಗೆ "ಇದು ಸರ್ಟಿಫಿಕೇಟ್ ಇರೋ ಮಣ್ಣು" ಎಂದು ತೋರಿಸಲೂ ಆಗುತ್ತದೆ.

ಮಣ್ಣು ಎದ್ದು ನೀರಿಗೆ ಬೆರೆಯದಂತೆ ಅದರ ಮೇಲೆ ಇನ್ನೊಂದಂಗುಲ ಮರಳು ಹರಡಬೇಕು. ಎರಡಡಿ ತೊಟ್ಟಿಗೆ ಏಳೆಂಟು ಕೆಜಿ ಸಾಕು. ತಿ. ನರಸೀಪುರದಂಥ, ಎರಡು ಹೊಳೆ ಕೂಡುವ ಊರಿನಲ್ಲಿ ಏಳೆಂಟು ಕೆಜಿ ಮರಳಿಗೆ ಬರವೇ ಎಂದು ಯಾರೂ ಅಂದುಕೊಳ್ಳಬೇಡಿ. ಹೊಳೆಯ ಮರಳು ಎತ್ತಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ನಡುರಾತ್ರಿ ಲಾರಿ ಇಳಿಸುವವರಿಗೆ ಈ ನಿಯಮದಿಂದ ಅಂಥ ಅಡಚಣೆ ಆದಂತಿಲ್ಲ. ಹಾಡಹಗಲಲ್ಲಿ ಕೈಚೀಲ ಹಿಡಿದು ಹೋದ ನನ್ನ ಭಾಮೈದನನ್ನು ಮಾತ್ರ ದಡದಲ್ಲಿ ಇಬ್ಬರು ತಡೆದರು.

"ಯಾರ್ಗೆ ಮರಳು?"

"ಗಪ್ಪಿಗೆ."

"ಯಾವೂರ್ ಕಂಟ್ರಾಕ್ಟ್ರು ಅವ್ನು?"

ಕೊನೆಗೆ ಮರಳನ್ನು ಮೈಸೂರಿನ ಮೀನಿನಂಗಡಿಯಿಂದ ಪ್ಯಾಕೆಟ್ಟಿನಲ್ಲಿ ತಂದದ್ದಾಯಿತು. ಪ್ಯಾಕೆಟ್ಟಿನ ಮೇಲೆ 'ನ್ಯಾಚುರಲ್ ರಿವರ್ ಸ್ಯಾಂಡ್' ಎಂದು ಬರೆದಿತ್ತು, ಯಾವ ರಿವರ್ ಎಂದು ಬರೆದಿರಲಿಲ್ಲ. ಎಂ-ಸ್ಯಾಂಡ್ ಆಗದೇ ಎಂದು ಕೆಲವರು ಕೇಳುತ್ತಾರೆ. ಅದು ಮನೆ ಕಟ್ಟಲಿಕ್ಕೆ. ಅಂಚು ಚೂಪು, ಧೂಳು ಹೆಚ್ಚು, ವಾರವಾದರೂ ನೀರು ಬಿಳಿಚಿಕೊಂಡೇ ಇರುತ್ತದೆ.

ಮರಳು ಎಷ್ಟಿರಬೇಕು, ನೀರಿನ ಆಳ ಎಷ್ಟಿರಬೇಕು ಎಂಬ ಬಗ್ಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಸಿಗುವ ಅತ್ಯಂತ ಹಳೆಯ ತಾಂತ್ರಿಕ ನಿರ್ದೇಶನ ಅಲಮೇಲಮ್ಮನದು. ರಾಜ ಒಡೆಯರ ಕಾಲದಲ್ಲಿ, ಒಡವೆಗಾಗಿ ಬೆನ್ನಟ್ಟಿ ಬಂದ ಭಟರಿಂದ ತಪ್ಪಿಸಿಕೊಂಡು ಕಾವೇರಿಗೆ ಹಾರುವ ಮುನ್ನ ಆಕೆ ಕೊಟ್ಟಳೆನ್ನುವ ಶಾಪ ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ತಲಕಾಡಿಗೆ ಮರಳು, ಮಾಲಂಗಿಗೆ ಮಡು. ತಳ, ಆಳ ಎರಡನ್ನೂ ಒಂದೇ ಉಸಿರಿನಲ್ಲಿ ಗೊತ್ತುಮಾಡಿದ್ದಾಳೆ. ಮೂರನೆಯ ಷರತ್ತು ಮೈಸೂರು ದೊರೆಗಳ ಸಂತಾನಕ್ಕೆ ಸಂಬಂಧಿಸಿದ್ದು. ಆ ಮೂರನೆಯದು ತಮ್ಮ ತೊಟ್ಟಿಗೂ ಅನ್ವಯಿಸಬಾರದಿತ್ತೇ ಎಂದು ಗಪ್ಪಿ ಸಾಕಿದವರು ಹಲುಬುವುದನ್ನು ನಾನು ಕೇಳಿದ್ದೇನೆ. ಗಪ್ಪಿ ಮೊಟ್ಟೆ ಇಡುವ ಜಾತಿಯಲ್ಲ, ನೇರವಾಗಿ ಮರಿಯನ್ನೇ ಹಾಕುತ್ತದೆ. ಅದೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ, ಸಲಕ್ಕೆ ಇಪ್ಪತ್ತು ಮೂವತ್ತು. ನೆರೆಹೊರೆಯವರು ಮೊದಲ ತಿಂಗಳು ಮರಿ ಕೇಳಿಕೊಂಡು ಬರುತ್ತಾರೆ. ಮೂರನೆಯ ತಿಂಗಳಿಗೆ ನಿಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಪ್ಯಾಕೆಟ್ಟಿನ ಮರಳನ್ನೂ ತೊಳೆಯಲೇಬೇಕು. ಬಕೆಟ್ಟಿಗೆ ಸುರಿದು, ನೀರು ಬಿಟ್ಟು, ಕೈಯಾಡಿಸಿ, ಎದ್ದ ಬಗ್ಗಡ ಚೆಲ್ಲಿ, ಮತ್ತೆ ನೀರು ಬಿಡಬೇಕು. ನೀರು ತಿಳಿಯಾಗುವ ತನಕ ಇದೇ ಕೆಲಸ. ಸೋಪು, ಸೋಪಿನ ಪುಡಿ, ಫಿನಾಯಿಲ್ ಯಾವುದೂ ಹತ್ತಿರ ಸುಳಿಯಕೂಡದು. ನಂಜನಗೂಡಿನ ಹಿತ್ತಲಿನಲ್ಲಿ ನಾದಿನಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಕೆಟ್ಟಿಟ್ಟುಕೊಂಡು, ಸೆರಗು ಸಿಕ್ಕಿಸಿ, ಪಾತ್ರೆ ತೊಳೆಯುವ ಪುಡಿಯ ಡಬ್ಬಿಗೆ ಕೈಹಾಕಿದ್ದಳು. ನಾನು ತಡೆದೆ.

"ಸೋಪ್ ಹಾಕ್ದೆ ತೊಳದ್ರೆ ಅದೆಂಥ ತೊಳೆಯೋದು ಭಾವ?"

"ಒಂಚೂರು ಸೋಪು ಉಳಿದ್ರೂ ಮೀನಿನ ಕಿವಿರಿನ ಮೇಲಿರೋ ಲೋಳೆ ಹೋಗುತ್ತಮ್ಮ. ಉಸಿರಾಡಕ್ಕಾಗದೆ ಸತ್ತುಹೋಗುತ್ವೆ."

"ಹಂಗಾದ್ರೆ ಹೊಳೇಲಿರೋ ಮೀನು?"

ಅಂದು ಸೋಮವಾರ. ಆಕೆ ಬೆಳಿಗ್ಗೆ ತಾನೇ ಸ್ನಾನಘಟ್ಟಕ್ಕೆ ಹೋಗಿ, ನಂಜುಂಡೇಶ್ವರನ ದರ್ಶನ ಮಾಡಿ ಬಂದಿದ್ದಳು. ಇಂಥ ಪ್ರಶ್ನೆಗೆ ತಜ್ಞನಾದವನು ತಡವರಿಸಬಾರದು. ಹೊಳೆಯ ಮೀನು ಬೇರೆ, ತೊಟ್ಟಿಯ ಮೀನು ಬೇರೆ ಎಂದೆ. ತೊಟ್ಟಿಯ ಮೀನನ್ನು ನಾವು ದುಡ್ಡು ಕೊಟ್ಟು ತಂದಿರುತ್ತೇವೆ. ನಾದಿನಿಗೆ ಇದು ಸರಿಯಾಗಿ ಅರ್ಥವಾಯಿತು, ಡಬ್ಬಿ ಒಳಗೆ ಹೋಯಿತು.

ತೊಟ್ಟಿ ಇಡುವ ಜಾಗ ಈಶಾನ್ಯವೇ ಆಗಬೇಕು ಎನ್ನುತ್ತದೆ ವಾಸ್ತು. ಈಶಾನ್ಯಕ್ಕೆ ಕಿಟಕಿ ಇದ್ದು ಬೆಳಗಿನ ಬಿಸಿಲು ನೇರ ಬಿದ್ದರೆ ತಿಂಗಳೊಳಗೆ ನೀರು ಹಸಿರಾಗಿ ಒಳಗಿನ ಮೀನು ಕಾಣದಂತಾಗುತ್ತದೆ. ಮನೆಗೆ ಏಳಿಗೆ ಬರುತ್ತದೋ ಇಲ್ಲವೋ, ಪಾಚಿಗಂತೂ ಬರುತ್ತದೆ. ದಿನಕ್ಕೆ ಆರರಿಂದ ಎಂಟು ಗಂಟೆ ಎಲ್‌ಇಡಿ ಬೆಳಕು ಸಾಕು. ಧಾರಾವಾಹಿಗಳ ಹೊತ್ತಿಗೆ ಹಾಕಿ, ಮುಗಿದಾಗ ಆರಿಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ತೂಕವನ್ನೂ ನೋಡಿಕೊಳ್ಳಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಗಾಜು, ಮಣ್ಣು, ಮರಳು ಸೇರಿದರೆ 75 ಕೆಜಿಯ ಆಜುಬಾಜು. ಟಿ.ವಿ. ಸ್ಟ್ಯಾಂಡ್ ಅದಕ್ಕಾಗಿ ಮಾಡಿದ್ದಲ್ಲ.

ನಲ್ಲಿ ನೀರಾದರೆ ಬಾಯ್ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಕ್ಲೋರಿನ್ ಹಾರಿಹೋಗಲು ಬಿಡಬೇಕು. ಬೋರ್‌ವೆಲ್ ನೀರು ಗಡಸು, ಗಪ್ಪಿಗೆ ಗಡಸೇ ಒಗ್ಗುತ್ತದೆ. ತೊಟ್ಟಿ ತುಂಬಿದ ಮೇಲೆ ನಾಲ್ಕರಿಂದ ಆರು ವಾರ ಮೀನು ಬಿಡದೆ ಸುಮ್ಮನೆ ಇರಬೇಕು. ಆ ಅವಧಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೆಳೆದು, ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುತ್ತವೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಊಟ. ಇಡೀ ಶಾಸ್ತ್ರದಲ್ಲಿ ಮುಖ್ಯವಾದ ಭಾಗ ಇದೇ. ಇದನ್ನು ಪಾಲಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಶುಕ್ರವಾರ ಗೃಹಪ್ರವೇಶ ಇಟ್ಟುಕೊಂಡು ಗುರುವಾರ ಸಂಜೆ ತೊಟ್ಟಿ ತರುತ್ತಾರೆ. ಹತ್ತನೆಯ ದಿನ ಮೀನು ಮೇಲೆ ತೇಲುತ್ತದೆ. ಆಗ ಮನೆಗೆ ದೃಷ್ಟಿಯಾಗಿದೆ, ನಮಗೆ ಬರಬೇಕಾದ ಕಂಟಕವನ್ನು ಮೀನು ತೆಗೆದುಕೊಂಡಿತು ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅಮೋನಿಯಾಕ್ಕಿಂತ ಈ ವಿವರಣೆ ಚಿಕ್ಕದು, ಅಂಗಡಿಯವನಿಗೂ ಅನುಕೂಲ.

ಗಿಡಗಳ ಆಯ್ಕೆಯಲ್ಲಿ ಆಸೆ ಪಡಬಾರದು. ಚಿತ್ರದಲ್ಲಿ ಕೆಂಪಗೆ ಕಾಣುವ ಗಿಡಗಳೆಲ್ಲ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕೇಳುತ್ತವೆ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಕ್ರಿಪ್ಟೊಕೊರೈನ್, ಜಾವಾ ಪಾಚಿ, ಇಷ್ಟರಲ್ಲೇ ತೃಪ್ತಿ ಇರಲಿ. ಮಣ್ಣಿದೆ, ಮೀನಿದೆ, ಅವು ಬೆಳೆಯುತ್ತವೆ. ತೇಲುವ ಅಂತರಗಂಗೆಯ ಜಾತಿಯನ್ನು ಮಾತ್ರ ಲೆಕ್ಕದಲ್ಲಿ ಬಿಡಿ. ಮೇಲ್ಭಾಗವೆಲ್ಲ ಮುಚ್ಚಿ ಬೆಳಕು ತಡೆದರೆ ಕೆಳಗಿನ ಗಿಡ ಸಾಯುತ್ತದೆ, ಕೊಳೆತು ಆಮ್ಲಜನಕ ತಿನ್ನುತ್ತದೆ, ಮೀನು ಬಾಯಿ ಬಿಡುತ್ತದೆ. ತೊಟ್ಟಿಯಲ್ಲಿ ಇಂಥದ್ದಾದರೆ ವೈಫಲ್ಯ. ಕೆರೆಯಲ್ಲಾದರೆ ಹಾಗಲ್ಲ. ಊರಿನ ಚರಂಡಿಯ ನೈಟ್ರೇಟು, ಫಾಸ್ಫೇಟುಗಳನ್ನು ಕುಡಿದು ದಡದಿಂದ ದಡಕ್ಕೆ ಹಾಸಿಕೊಂಡ ಜೊಂಡು, ನೀರು ಹಯಸಿಂತ್‌ಗಳ ನಡುವೆ ಒಂದು ಹನಿ ನೀರೂ ಕಾಣದಿದ್ದರೆ ಅದು ಗಿಡತೊಟ್ಟಿಯ ಪರಾಕಾಷ್ಠೆ. ಹಯಸಿಂತ್ ದಕ್ಷಿಣ ಅಮೆರಿಕದಿಂದ ಅಂದದ ಹೂವಿಗೆಂದು ತಂದ ಗಿಡ. ಬಂದ ದಿನದಿಂದ ಅದಕ್ಕೆ ಯಾರೂ ನೀರು ಹಾಕಿಲ್ಲ, ಗೊಬ್ಬರ ಕೊಂಡು ತಂದಿಲ್ಲ, ಕತ್ತರಿಸಿಲ್ಲ. ಕತ್ತರಿಸುವ ಟೆಂಡರು ಕರೆದಾಗಲೂ ಅದು ಧೃತಿಗೆಟ್ಟಿಲ್ಲ.

ಈಗ ಮೀನು. ಸ್ಥಳೀಯ ತಳಿಯನ್ನೇ ಸಾಕುತ್ತೇನೆ ಎಂಬ ಅಭಿಮಾನಿಗಳು ಆಗಾಗ ಸಿಗುತ್ತಾರೆ. ಕಾವೇರಿ ಕೊಳ್ಳದ ಹೆಮ್ಮೆ ಎಂದರೆ ಬಿಳಿಮೀನು, ಎಂದರೆ ಗೂನುಬೆನ್ನಿನ ಮಹಶೀರ್. ಮೈಸೂರಿನ ವಾನ್ ಇಂಗೆನ್ ಕುಟುಂಬದ ಡಿವೆಟ್ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ, ಎಂದರೆ ನಮ್ಮ ಕಪಿಲೆಯಲ್ಲಿ, ಗಾಳ ಹಾಕಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕೆಜಿ ತೂಗಿತ್ತು. ನಿಮ್ಮ ತೊಟ್ಟಿಗೆ ತುಂಬಿದ ಇಡೀ ನೀರಿನಷ್ಟು ತೂಕ. ಆ ಕುಟುಂಬ ಸತ್ತ ಪ್ರಾಣಿಗಳ ಚರ್ಮ ಹದಮಾಡಿ, ಜೀವ ಇದ್ದಂತೆ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧವಾಗಿತ್ತು. ನಿರ್ವಹಣೆಯೇ ಬೇಡದ ಮೀನು ಸಾಕುವ ವಿದ್ಯೆ ಮೈಸೂರಿನಲ್ಲಿ ಪೂರ್ತಿ ಸಿದ್ಧಿಸಿದ್ದು ಅವರೊಬ್ಬರಿಗೇ. ಬಿಳಿಮೀನನ್ನು 2018ರಲ್ಲಿ ಐಯುಸಿಎನ್ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿತು. ಹಾಗಾಗಿ ಈ ಆಸೆ ಕೈಬಿಟ್ಟು ಗಪ್ಪಿಗೇ ಬರುವುದು ಮೇಲು. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಇದನ್ನೇ. ಸರ್ಕಾರಿ ಕೆಲಸದಲ್ಲಿರುವ ಮೀನು ಮನೆಯಲ್ಲಿದ್ದರೆ ಒಂದು ಗೌರವ.

ಮೇವಿನ ಪ್ರಮಾಣಕ್ಕೆ ತಿ. ನರಸೀಪುರದವರು ಬೇರೆ ಅಳತೆ ಹುಡುಕಬೇಕಿಲ್ಲ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಬೆರಳ ನಡುವೆ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥ ಹೇಳುತ್ತಾರೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ಗುಲಗಂಜಿ ಎಂದರೆ 120 ಮಿಲಿಗ್ರಾಂ ಆಸುಪಾಸು. ಆರು ಗಪ್ಪಿಗೆ ದಿನಕ್ಕೆ ಅದನ್ನು ಮೀರಬಾರದು. ಎರಡು ನಿಮಿಷದಲ್ಲಿ ತಿಂದು ಮುಗಿಸದಷ್ಟು ಹಾಕಿದರೆ ಮಿಕ್ಕದ್ದು ತಳದಲ್ಲಿ ಕೊಳೆಯುತ್ತದೆ. ಇದನ್ನು ಭಾಮೈದನಿಗೆ ಹೇಳಿದ್ದೆ. ಅವನ ತಾಯಿ, ಎಂದರೆ ನಮ್ಮ ಅತ್ತೆ, ಮನೆಗೆ ಬಂದ ಜೀವ ಹಸಿದಿರಬಾರದೆಂದು ಬೆಳಿಗ್ಗೆ ಅನ್ನದ ಅಗುಳು, ಮಧ್ಯಾಹ್ನ ಚಪಾತಿ ಚೂರು, ಸಂಜೆ ಕಾರ ಇಲ್ಲದ ಚುರುಮುರಿ ಹಾಕುತ್ತಿದ್ದರು. ನೀರು ನಾರತೊಡಗಿತು. ಹದಿನೈದು ದಿನಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸದು ತುಂಬಬೇಕೆಂದು ಸೂಚಿಸಿದೆ.

"ಹೊಳೇಲಿ ನೀರ ಯಾರ್ ಬದ್ಲಾಯ್ಸರು ಭಾವ?" ಎಂದ ಭಾಮೈದ.

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹೊಳೆಯ ನೀರನ್ನೂ ಬದಲಾಯಿಸುತ್ತಾರೆ. ವಯನಾಡಿನಲ್ಲಿ ಮಳೆ ಹೊಡೆದು, ಬೀಚನಹಳ್ಳಿಯ ಕಬಿನಿ ಜಲಾಶಯ 2,284 ಅಡಿ ಮುಟ್ಟಿದಾಗ ಗೇಟು ಎತ್ತುತ್ತಾರೆ. ಪೂರ್ತಿ ತುಂಬಿದರೆ 19.52 ಟಿಎಂಸಿ ನೀರು ಹಿಡಿಯುವ ಆ ಅಣೆಕಟ್ಟೆ ನಂಜನಗೂಡಿನ ಪಾಲಿಗೆ ಮೇಲೆ ಇಟ್ಟ ಬಕೆಟ್ಟು. 2018ರ, 2019ರ ಮಳೆಗಾಲದಲ್ಲಿ ಆದ ನೀರು ಬದಲಾವಣೆ ಹೇಗಿತ್ತೆಂದರೆ ಹದಿನಾರು ಕಾಲು ಮಂಟಪ ಮುಳುಗಿತು, ಪರಶುರಾಮ ದೇವಸ್ಥಾನವನ್ನು ನೀರು ಸುತ್ತುವರಿಯಿತು, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ಹೊಳೆ ಹರಿದು ಮೈಸೂರು, ಊಟಿ ಬಸ್ಸುಗಳು ಸುತ್ತು ಹಾಕಿದವು. ತೊಟ್ಟಿಯಲ್ಲಿ ಹದಿನೈದು ದಿನಕ್ಕೆ ಕಾಲುಭಾಗ. ಹೊಳೆಯಲ್ಲಿ ಮಳೆ ಬಂದ ವರ್ಷ ಪೂರ್ತಿ, ಬಾರದ ವರ್ಷ ನೋಡಿಕೊಂಡು. ಮಧ್ಯದ ಅವಧಿಯಲ್ಲಿ ನೀರಿಗೆ ಏನು ಸೇರಿಸಬಹುದು ಎಂಬುದರಲ್ಲಿ ನಮ್ಮ ಪದ್ಧತಿ ವಾಲ್‌ಸ್ಟಡ್ ಅವರನ್ನು ಬಹುದೂರ ಹಿಂದೆ ಹಾಕಿದೆ.

ನಂಜನಗೂಡಿನ ಸ್ನಾನಘಟ್ಟದಲ್ಲಿ ಮೂರು ಮುಳುಗು ಹಾಕಿ ಎದ್ದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುತ್ತಾರೆ. ಬಟ್ಟೆಯ ಜೊತೆ ಪಾಪವೂ ಹೋಗುತ್ತದೆ ಎಂದು ನಂಬಿಕೆ. ಪಾಪ ಎಲ್ಲಿಗೆ ಹೋಗುತ್ತದೋ ತಿಳಿಯದು, ಸೀರೆ ಮಾತ್ರ ಮೆಟ್ಟಿಲ ಸಂದಿನ ಕಲ್ಲಿಗೆ ಸುತ್ತಿಕೊಂಡು ಅಲ್ಲೇ ಇರುತ್ತದೆ. ಅದರ ಮೇಲೆ ಹರಿದ ಶಾಂಪೂ ಸ್ಯಾಷೆ, ಸೋಪಿನ ತುಂಡು, ಹೂವಿನ ಹಾರ, ಬಾಳೆಲೆ, ಅರ್ಧ ಉರಿದ ಕರ್ಪೂರ. ಇದೇ ಪ್ರಮಾಣದಲ್ಲಿ ನಮ್ಮ 56 ಲೀಟರಿಗೆ ಸೇರಿಸುವುದಾದರೆ ಒಂದು ಕರವಸ್ತ್ರ, ಚಿಟಿಕೆ ಶಾಂಪೂ ಸಾಕಾದೀತು. ನಾದಿನಿಯ ಮುಂದೆ ಈ ಪ್ರಯೋಗ ಸೂಚಿಸಿದಾಗ ಆಕೆ ತೊಟ್ಟಿಗೆ ಅಡ್ಡ ನಿಂತಳು.

ಸರ್ಕಾರವೂ ಒಮ್ಮೊಮ್ಮೆ ಈ ಪದ್ಧತಿಗೆ ಅಡ್ಡ ಬರುವುದುಂಟು. 2025ರ ಮಾರ್ಚಿನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ಪುಣ್ಯಕ್ಷೇತ್ರಗಳ ನದಿ, ಕಲ್ಯಾಣಿಗಳ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಭಕ್ತರು ಬಟ್ಟೆಯನ್ನು ನೀರಿಗೆ ಬಿಡದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚಿಸಿದರು. ದೂರ ನಿಗದಿ ಮಾಡಿದ್ದು ಒಳ್ಳೆಯದಾಯಿತು. 501ನೆಯ ಮೀಟರಿನಲ್ಲಿ ಅಂಗಡಿ ಇಡಲು ಜಾಗ ಯಾವುದೆಂದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳ ಪಟ್ಟಿ ಮಾಡಿತು. ಕರ್ನಾಟಕಕ್ಕೆ 17 ಸ್ಥಾನ ಸಿಕ್ಕವು. ಕಾವೇರಿ, ಕಬಿನಿ ಎರಡೂ ಅದರಲ್ಲಿವೆ. ಒಂದೇ ಜಿಲ್ಲೆಯಲ್ಲಿ ಹರಿದು, ಒಂದೇ ಕಡೆ ಸಂಗಮವಾಗುವ ಎರಡು ನದಿಗಳಿಗೆ ಒಂದೇ ಪಟ್ಟಿಯಲ್ಲಿ ಜಾಗ ಸಿಗುವುದು ಸಾಮಾನ್ಯ ಸಂಗತಿಯಲ್ಲ. ಸ್ನಾನಕ್ಕೆ ತಕ್ಕ ನೀರಿನಲ್ಲಿ ಬಿಒಡಿ, ಎಂದರೆ ಹೊಲಸು ಕರಗಿಸಲು ಖರ್ಚಾಗುವ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಕರಗಿದ ಆಮ್ಲಜನಕ 5 ಮಿಲಿಗ್ರಾಮಿಗಿಂತ ಕಡಿಮೆಯಾಗಬಾರದು. ಮೀನಿಗೂ ಹೆಚ್ಚುಕಡಿಮೆ ಅಷ್ಟೇ ಆಮ್ಲಜನಕ ಬೇಕು, ಆದರೆ ಅದು ಅರ್ಜಿ ಕೊಡುವುದಿಲ್ಲ. ನಂಜನಗೂಡಿನ ವಿಷಯದಲ್ಲಿ ಇನ್ನೊಂದು ಸ್ಥಳೀಯ ಅನುಕೂಲವಿದೆ. ಊರ ದೇವರು ಹಾಲಾಹಲ ಕುಡಿದು ಅರಗಿಸಿಕೊಂಡವನು. ಅಂದಿನಿಂದ ವಿಷದ ವಿಲೇವಾರಿಯನ್ನು ಪೂರ್ತಿಯಾಗಿ ಅವನಿಗೇ ವಹಿಸಿಕೊಟ್ಟಿದ್ದೇವೆ, ಬೇರೆ ವ್ಯವಸ್ಥೆಯ ಅಗತ್ಯ ಕಂಡುಬಂದಿಲ್ಲ.

ತಿ. ನರಸೀಪುರದ ವ್ಯವಸ್ಥೆ ಇನ್ನೂ ನಾಜೂಕು. ಅಲ್ಲಿ ಒಳಹರಿವು ಮೂರು: ಕಾವೇರಿ, ಕಪಿಲೆ, ಮೂರನೆಯದು ಸ್ಫಟಿಕ ಸರೋವರ, ಅದು ಗುಪ್ತ. ತೊಟ್ಟಿಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಕಣ್ಣಿಗೆ ಕಾಣುವ ಎರಡು ಹೊಳೆ ತರುವ ಹೊಲಸನ್ನೆಲ್ಲ ಕಣ್ಣಿಗೆ ಕಾಣದ ಮೂರನೆಯದು ಶೋಧಿಸಬೇಕು. ಅದೃಶ್ಯ ಫಿಲ್ಟರು, ಕರೆಂಟು ಬೇಡ, ಸ್ಪಂಜು ತೊಳೆಯುವ ಕೆಲಸವಿಲ್ಲ. 1989ರಿಂದ ಮೂರು ವರ್ಷಕ್ಕೊಮ್ಮೆ ಎಂದು ಕುಂಭಮೇಳ ನಡೆಸಿಕೊಂಡು ಬಂದಿರುವುದು ಇದರ ಸಾಮರ್ಥ್ಯ ಪರೀಕ್ಷೆಗೆ ಇರಬೇಕು. ಕೋವಿಡ್ ಕಾಲದಲ್ಲಿ ತಪ್ಪಿದ್ದು 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಉಳಿದ ದಿನಗಳಲ್ಲಿ ಅಸ್ಥಿ ವಿಸರ್ಜನೆ. ಅಸ್ಥಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಇರುವುದರಿಂದ ಗಿಡಗಳ ದೃಷ್ಟಿಯಿಂದ ಆಕ್ಷೇಪವಿಲ್ಲ. ಅದನ್ನು ಕಟ್ಟಿ ತಂದ ಪ್ಲಾಸ್ಟಿಕ್ ಚೀಲದ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ, ಆದ್ದರಿಂದ ಅದನ್ನೂ ಬಿಡುತ್ತಾರೆ.

ಭಾಮೈದನಿಗೆ ಇಷ್ಟನ್ನೂ ವಿವರಿಸಿದೆ. ಅವನು ಸಾವಧಾನವಾಗಿ ಕೇಳಿ, ತೊಟ್ಟಿಯ ನೀರು ಬದಲಾಯಿಸುವುದರಿಂದ ತನಗೆ ವಿನಾಯಿತಿ ಸಿಕ್ಕಿತೆಂದೇ ತಿಳಿದುಕೊಂಡ.

ಕೊನೆಯದಾಗಿ ಟ್ಯಾಂಕ್ ಕ್ಲೀನರ್. ಅಂಗಡಿಯಲ್ಲಿ ಈ ಹೆಸರಿನಿಂದ ಮಾರುವುದು ಸಕ್ಕರ್ ಮೀನನ್ನು. ಕೊಳ್ಳುವಾಗ ಎರಡಂಗುಲ. ಗಾಜಿಗೆ ಬಾಯಿ ಒತ್ತಿಕೊಂಡು ಪಾಚಿ ಕೆರೆಯುತ್ತದೆ, ಇಡೀ ದಿನ ದುಡಿಯುತ್ತದೆ, ನಿಮ್ಮ ತೊಟ್ಟಿಗೆ ಇನ್ನು ಏನೂ ಮಾಡಬೇಕಿಲ್ಲ ಎಂದು ಅಂಗಡಿಯವನು ಭರವಸೆ ಕೊಡುತ್ತಾನೆ. ಇದರ ತವರು ದಕ್ಷಿಣ ಅಮೆರಿಕ, ಇದು ಬೆಳೆಯುವುದು ಒಂದಡಿಗೂ ಮೇಲೆ. ನೆಟ್ಟ ಗಿಡಗಳನ್ನು ಬುಡಸಮೇತ ಕೀಳುತ್ತದೆ, ಪಾಚಿ ತಿನ್ನುವುದಕ್ಕಿಂತ ಹೆಚ್ಚು ಹೊಲಸು ಹಾಕುತ್ತದೆ. ನಂಜನಗೂಡಿನ ತೊಟ್ಟಿಯಲ್ಲಿ ಅದು ಅಡ್ಡಲಾಗಿ ತಿರುಗಲು ಜಾಗವಿಲ್ಲದಷ್ಟು ಬೆಳೆದಾಗ ಮನೆಯಲ್ಲಿ ಸಭೆ ಸೇರಿತು. ಕೊಲ್ಲಲು ಮನಸ್ಸಿಲ್ಲ, ತಿನ್ನುವ ಜಾತಿಯಲ್ಲ, ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅರಿಸಿನ ಕುಂಕುಮ ಹಾಕಿ ಹೊಳೆಗೆ ಬಿಟ್ಟು, ಜೀವದಾನ ಮಾಡಿದ ಪುಣ್ಯ ಪಡೆದರು. ಇಂಥ ಪುಣ್ಯವಂತರು ದೇಶದುದ್ದಕ್ಕೂ ಇರುವುದರಿಂದ ಈ ಮೀನು ಇಂದು ನಮ್ಮ ಹಲವು ಕೆರೆ, ಹೊಳೆಗಳಲ್ಲಿ ನೆಲೆಯೂರಿದೆ. ಚಿಪ್ಪಿನಂಥ ಮೈಯ ಮುಳ್ಳಿಗೆ ಬಲೆ ಹರಿಯುತ್ತದೆ. ಬಲೆಗೆ ಬಿದ್ದರೂ ಬೆಸ್ತರಿಗೆ ಅದರಿಂದ ಕಾಸು ಹುಟ್ಟುವುದಿಲ್ಲ. ಒಂದು ರೀತಿಯಲ್ಲಿ ನೋಡಿದರೆ ಕಪಿಲೆಗೆ ಕಾಯಂ ಆಗಿ ನೇಮಕವಾದ ಏಕೈಕ ಸ್ವಚ್ಛತಾ ಸಿಬ್ಬಂದಿ ಅದೇ.

ಆದ್ದರಿಂದ ಓದುಗರಲ್ಲಿ ನನ್ನದು ಒಂದೇ ವಿನಂತಿ. ತೊಟ್ಟಿ ಇಡಿ, ಬಿಡಿ, ಅದು ನಿಮ್ಮ ಇಷ್ಟ. ಸಕ್ಕರ್ ಮೀನನ್ನು ಕೊಳ್ಳಲೇಬೇಡಿ. ಕೊಂಡು ಆಗಿದ್ದರೆ ಹೊಳೆಗೆ ಬಿಡಬೇಡಿ. ಗಪ್ಪಿಯನ್ನೂ ಬಿಡಬೇಡಿ, ಮಿಕ್ಕ ಗಿಡವನ್ನೂ ಎಸೆಯಬೇಡಿ. ನಾದಿನಿಯ ಮನೆಯಲ್ಲಿ ಈಗ ಇನ್ನೊಂದು ಸಕ್ಕರ್ ಇದೆ, ನಾಲ್ಕಂಗುಲ ಆಗಿದೆ. ಅದನ್ನು ಸಾಕಲು ದೊಡ್ಡ ತೊಟ್ಟಿ ಇರುವ ಯಾರಾದರೂ ಮೈಸೂರು ಕಡೆ ಇದ್ದರೆ ದಯವಿಟ್ಟು ತಿಳಿಸಿ.